ಅಟ್ಟದ ಮೇಲೆ ನಿಂತುಹೋದ ಕಥೆ

ಒಣಗಿದ ತೆಂಗಿನಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿದು ಲೊಟಕ್ ಲೊಟಕ್ ಎನ್ನುತ್ತದೆ. ಹಾಗೆ ಚಿಪ್ಪು ಬಿಟ್ಟು ಒಳಗೇ ಆಡುವ ಕೊಬ್ಬರಿಗೆ ನಮ್ಮ ಕಡೆ ಗಿಟುಕು ಎನ್ನುತ್ತಾರೆ. ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ. ಹೋದ ಬೇಸಿಗೆಯಲ್ಲಿ ತುರುವೇಕೆರೆಯ ಒಂದು ಶಾಲೆಯ ಕೋಣೆಯಲ್ಲಿ, ಮಕ್ಕಳು ಕೂರುವ ಬೆಂಚಿನೊಳಗೆ ಮೊಣಕಾಲು ಸಿಕ್ಕಿಸಿಕೊಂಡು ಕೂತಿದ್ದಾಗ ಕೇಳಿತು. ಮಕ್ಕಳಿಗೆ ಕಥೆ ಬರೆಯುವುದು ಹೇಗೆಂದು ಕಲಿಸುವ ತರಗತಿ ಅದು. ಕಲಿಸುವ ಶಾಹಿನಾ ಒಂದು ಕುಕ್ಕೆಯ ತುಂಬ ಏನೇನೋ ತಂದು ಮೇಜಿನ ಮೇಲೆ ಸುರಿದಿದ್ದಳು. ಬುಗುರಿ, ಗಾಜಿನ ಬಳೆ, ತುಕ್ಕು ಹಿಡಿದ ಬೀಗ, ನವಿಲುಗರಿ, ಒಂದು ಕಾಯಿ. ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡು ಅದು ಯಾವ ನೆನಪು ತರುತ್ತದೋ ಅದನ್ನು ಬರೆಯಿರಿ ಎಂದಳು. ಉಳಿದವರೆಲ್ಲ ಚಂದದ್ದನ್ನು ಎತ್ತಿಕೊಂಡರು, ನನ್ನ ಪಾಲಿಗೆ ಕಾಯಿ ಉಳಿಯಿತು. ಕೈಗೆ ಬಂದ ಕಾಯನ್ನು ಅಲ್ಲಾಡಿಸದೆ ಕೆಳಗಿಡುವುದು ನಮ್ಮ ಸೀಮೆಯವರಿಂದ ಆಗುವ ಕೆಲಸವಲ್ಲ. ಅಲ್ಲಾಡಿಸಿದೆ. ಆಮೇಲೆ ಅರ್ಧ ಗಂಟೆ ಪೆನ್ನು ಮುಟ್ಟಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯಲು ಬರುತ್ತದೆ, ಆದರೆ ಇಷ್ಟು ವರ್ಷ ಬರೆದದ್ದೆಂದರೆ ಅಂಗಡಿಯ ಚೀಟಿ ಮತ್ತು ಮದುವೆ ಮನೆಯ ಸಾಮಾನಿನ ಪಟ್ಟಿ. ನನ್ನ ಸೊಸೆ ಸುಮ ಪ್ರೈಮರಿ ಶಾಲೆಯ ಟೀಚರು. ಭಾನುವಾರಗಳಂದು ಈ ತರಗತಿ ಇದೆಯೆಂದು ತಾನು ಹೊರಟವಳು, "ನೀವೂ ಬನ್ನಿ ಅತ್ತೆ, ಟೀವಿ ಜೊತೆ ಜಗಳ ಆಡ್ಕೊಂಡು ಕೂರೋದಕ್ಕಿಂತ ವಾಸಿ" ಎಂದು ನನ್ನನ್ನೂ ಸ್ಕೂಟಿಯ ಹಿಂದೆ ಕೂರಿಸಿಕೊಂಡಳು. ಹೋಗಿ ನೋಡಿದರೆ ಕಲಿಸುವವಳು ನನ್ನ ರವಿಕೆ ಹೊಲಿಯುತ್ತಿದ್ದ ಸಾಬರ ಮಗಳು. ಚಿಕ್ಕವಳಿದ್ದಾಗ ಅಪ್ಪನ ಮೆಷಿನ್ನಿನ ಕೆಳಗೆ ಕೂತು ಬಟ್ಟೆ ಚೂರು ಆರಿಸುತ್ತಿದ್ದಳು, ಈಗ ಮಕ್ಕಳಿಗೆ ಪುಸ್ತಕ ಬರೆಯುತ್ತಾಳೆ. ಮೊದಲ ದಿನ ಏನಾದರೂ ಬರೆಯಿರಿ ಎಂದಾಗ ನಾನು ಬೇಗ ಮುಗಿಸಿ ಕೊಟ್ಟೆ. ಬೆಳಿಗ್ಗೆ ಬೇಗ ಏಳಬೇಕು, ದೊಡ್ಡವರಿಗೆ ಎದುರು ಮಾತಾಡಬಾರದು, ಹೀಗೆ ಮಾಡದ ಒಬ್ಬ ಹುಡುಗ ಬಾವಿಗೆ ಬಿದ್ದ. ಅವಳು ಓದಿ ನಕ್ಕಳು.

"ಅಜ್ಜಿ, ಇದು ಕಥೆ ಅಲ್ಲ, ಬೈಗಳ."

"ಬೈಗಳ ತಿನ್ನದೆ ಯಾವ್ ಮಗ ಬೆಳ್ದೈತೆ ಹೇಳು ಮೇಡಂ."

"ಬೆಳೆಯೋಕೆ ಅದು ಸಾಕು ಅಜ್ಜಿ. ಆದ್ರೆ ನೀವು ಚಿಕ್ಕವರಿದ್ದಾಗ ಯಾರೋ ಒಬ್ಬರು ನಿಮ್ಮನ್ನ ಬಾಯಿ ತೆಕ್ಕೊಂಡು ಕೂರೋ ಹಂಗೆ ಮಾಡಿರ್ಬೇಕಲ್ಲ. ಅವರು ಏನು ಮಾಡ್ತಿದ್ರು, ಅದನ್ನ ನೋಡಿ ಬರೀರಿ."

ಆ ಒಬ್ಬರು ಯಾರೆಂದು ನನಗೆ ಗೊತ್ತಿತ್ತು. ಮುಂದಿನ ಭಾನುವಾರ ಆ ಕಾಯಿ ಬಂತು.

ನನ್ನ ತೌರುಮನೆ ಹೊನ್ನವಳ್ಳಿಯ ಹತ್ತಿರದ ಒಂದು ಸಣ್ಣ ಊರು. ನಾಡಹೆಂಚಿನ ದೊಡ್ಡ ಮನೆ, ನಡುವೆ ತೊಟ್ಟಿ, ಅಡಿಗೆಮನೆಯ ಮೇಲೆ ಮನೆಯುದ್ದಕ್ಕೂ ಅಟ್ಟ. ನಿಮ್ಮ ಮನೆಯಲ್ಲೂ ಅಂಥ ಅಟ್ಟ ಇದ್ದಿದ್ದರೆ ಅದರ ವಾಸನೆಯನ್ನು ನಾನು ಹೇಳಬೇಕಾಗಿಲ್ಲ. ಒಲೆಯ ಹೊಗೆ, ನಾರಿನ ಧೂಳು, ಇಲಿಯ ಹಿಕ್ಕೆ, ಅವೆಲ್ಲದರ ಮೇಲೆ ಎಣ್ಣೆ ಬಿಡುತ್ತಿರುವ ಕೊಬ್ಬರಿಯ ಒಂದು ಮಂದವಾದ ಸಿಹಿ. ಮಧ್ಯಾಹ್ನದ ಹೊತ್ತಿಗೆ ಹೆಂಚು ಕಾದು, ಕೆಳಗಿನಿಂದ ಮುದ್ದೆ ಬೇಯುವ ಆವಿ ಹಲಗೆಗಳ ಸಂದಿಯಲ್ಲಿ ಮೇಲೆ ಬಂದು, ಆ ವಾಸನೆ ನಮ್ಮ ಲಂಗಕ್ಕೆ, ಜಡೆಗೆ, ಉಗುರಿನ ಸಂದಿಗೆ ಸೇರಿಕೊಂಡುಬಿಡುತ್ತಿತ್ತು. ಶಾಲೆಯಲ್ಲಿ ಪಕ್ಕ ಕೂತವಳು ಮೂಗು ಮುಚ್ಚಿಕೊಂಡರೆ ನನಗೆ ಅವಮಾನವೇನೂ ಆಗುತ್ತಿರಲಿಲ್ಲ, ಅವಳ ಮನೆಯಲ್ಲಿ ಅಟ್ಟವಿಲ್ಲ ಪಾಪ ಅಂದುಕೊಳ್ಳುತ್ತಿದ್ದೆ. ಮರದಿಂದ ಇಳಿಸಿದ ಕಾಯನ್ನು ಸುಲಿಯದೆ ಆ ಅಟ್ಟಕ್ಕೆ ಏರಿಸಿದರೆ ಮುಕ್ಕಾಲು ವರ್ಷ, ಒಂದೊಂದು ಸಲ ಇಡೀ ವರ್ಷ, ಅದು ಅಲ್ಲೇ ಮಲಗಿರಬೇಕು. ನಿಧಾನವಾಗಿ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಗಿಟುಕಾಗಬೇಕು. ಆಗ ಒಡೆದರೆ ಚಿಪ್ಪು ಉದುರಿ ಕೊಬ್ಬರಿ ಉಂಡೆಯಾಗಿ ಇಡಿಯಾಗಿ ಕೈಗೆ ಬರುತ್ತದೆ. ಅದಕ್ಕೆ ಮುಂಚೆ ಒಡೆದರೆ ಒಳಗಿನದು ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಸಾರಿಗೂ ಬರುವುದಿಲ್ಲ, ಮಂಡಿಗೂ ಹೋಗುವುದಿಲ್ಲ, ಎರಡು ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಯಾವುದು ಆಗಿದೆ ಯಾವುದು ಆಗಿಲ್ಲ ಎಂದು ಕಣ್ಣಿಗೆ ಕಾಣುವುದಿಲ್ಲ, ಕಿವಿಯೇ ಹೇಳಬೇಕು. ನಮ್ಮ ಮನೆಯಲ್ಲಿ ಅದು ಹೆಣ್ಣುಮಕ್ಕಳ ಕೆಲಸ. ಹುಡುಗಿಯರು ಹಗುರ, ಅಟ್ಟದ ಹಲಗೆ ಮುರಿಯುವುದಿಲ್ಲ ಎಂಬುದು ಅಪ್ಪನ ಅವ್ವ, ನಮ್ಮಜ್ಜಿಯ ಲೆಕ್ಕಾಚಾರ. ನಾನು, ನನ್ನ ಅಕ್ಕ ಶಾಂತ, ದೊಡ್ಡಪ್ಪನ ಮಗಳು ರುದ್ರಿ, ನಮ್ಮ ಮೂವರ ಮೇಲ್ವಿಚಾರಣೆಗೆ ಗಂಗತ್ತೆ. ಗಂಗತ್ತೆ ಅಪ್ಪನ ತಂಗಿ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ಬೇರೊಬ್ಬಳನ್ನು ಕಟ್ಟಿಕೊಂಡ. ಇವಳು ಒಂದು ಟ್ರಂಕು ಹಿಡಿದು ವಾಪಸ್ಸು ಬಂದಳು. ಬಂದವಳನ್ನು ಯಾರೂ ಹೊರಗೆ ಹಾಕಲಿಲ್ಲ, ಯಾರೂ ಒಳಗೆ ಕರೆಯಲೂ ಇಲ್ಲ. ಸಣ್ಣ ಮೈ, ದೊಡ್ಡ ಕಿವಿ, ಮಾತಾಡುವಾಗ ಎಡಗೈಯಿಂದ ಸೆರಗಿನ ತುದಿ ಸುತ್ತುವ ಅಭ್ಯಾಸ. ಕೆಳಗಡೆ ಇದ್ದಾಗ ಅವಳಿಗೆ ಬಾಯಿ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಏಣಿ ಹತ್ತಿ ಅಟ್ಟದ ಕಂಡಿಯಿಂದ ತಲೆ ಒಳಗೆ ಹಾಕಿದಳೆಂದರೆ ಬೇರೆಯೇ ಹೆಂಗಸು.

ಅವಳು ಕಥೆ ಹೇಳುವ ರೀತಿಯನ್ನು ನಾನು ಆಮೇಲೆ ಬೇರೆ ಎಲ್ಲೂ ಕಂಡಿಲ್ಲ. ಗಿಟುಕು ಕೇಳಬೇಕಾದರೆ ಅಟ್ಟ ನಿಶ್ಶಬ್ದವಾಗಿರಬೇಕು, ಹಾಗಾಗಿ ಮಾತಾಡುತ್ತ ಕೆಲಸ ಮಾಡುವ ಹಾಗಿಲ್ಲ. ಅದಕ್ಕೆ ಅವಳು ಒಂದೇ ಒಂದು ಮಾತು ಹೇಳಿ ನಿಲ್ಲಿಸುತ್ತಿದ್ದಳು. ಮೂವರೂ ಒಂದೊಂದು ಕಾಯಿ ಎತ್ತಿ, ಕಿವಿಗೆ ಹಿಡಿದು, ಅಲ್ಲಾಡಿಸಿ, ಕೇಳಿ, ಆದದ್ದನ್ನು ಕಂಡಿಯಿಂದ ಅಂಗಳದ ಕಡೆ ಎಸೆದು, ಆಗದ್ದನ್ನು ಮತ್ತೆ ಮಲಗಿಸಬೇಕು. ಮೂವರ ಕೈಯೂ ಖಾಲಿಯಾದ ಮೇಲೆ ಮುಂದಿನ ಮಾತು. ಒಬ್ಬಳು ತಡ ಮಾಡಿದರೆ ಕಥೆಯೂ ಅಲ್ಲೇ ಕಾಯುತ್ತಿತ್ತು. ನಾವು ಬೇಗ ಬೇಗ ಎಂದು ಗೋಗರೆದರೆ, "ಕಾಯಿ ಮಾತಾಡ್ಲಿ ತಡಿರೇ, ಆಮ್ಯಾಕೆ ನಾನ್ ಮಾತಾಡ್ತೀನಿ" ಎನ್ನುತ್ತಿದ್ದಳು. ಹೇಳಿದ ಮಾತು ಆ ಸದ್ದಿಲ್ಲದ ಹೊತ್ತಿನಲ್ಲಿ ನಮ್ಮೊಳಗೆ ಇಳಿಯುತ್ತಿತ್ತು. ಅದು ಬೇಕೆಂದೇ ಮಾಡಿದ್ದೋ, ಕೆಲಸ ಹಾಗಿತ್ತು ಎಂದು ಮಾಡಿದ್ದೋ, ಅವಳನ್ನು ಕೇಳಿದವರಿಲ್ಲ.

ಒಂದು ವರ್ಷ ಅವಳು ಹಿಡಿದಿದ್ದು ಹೆಸರು ಮರೆತುಹೋದ ಹುಡುಗಿಯ ಕಥೆ. ಒಂದು ಮನೆಯಲ್ಲಿ ಒಬ್ಬಳು ಹುಡುಗಿ ಬೆಳಿಗ್ಗೆ ಎದ್ದರೆ ಅವಳ ಹೆಸರು ಎಲ್ಲರಿಗೂ ಮರೆತುಹೋಗಿದೆ. ಮುಖ ಗೊತ್ತು, ಹೆಸರು ಬಾಯಿಗೆ ಬಾರದು. ಅವ್ವ "ಲೇ ಇವಳೇ" ಎನ್ನುತ್ತಾಳೆ, ಅಪ್ಪ "ಏಯ್" ಎನ್ನುತ್ತಾನೆ. ಹುಡುಗಿಗೂ ನೆನಪಿಲ್ಲ. ಹೋಗಿ ಹಸುವನ್ನು ಕೇಳಿದಳು. ಹುಲ್ಲು ಹಾಕುವವಳು ಎಂದು ಗೊತ್ತು, ಹೆಸರು ಕಟ್ಟಿಕೊಂಡು ನನಗೇನು ಎಂದಿತು ಹಸು. ಹುಂಜವನ್ನು ಕೇಳಿದಳು. ನಾನು ಕೂಗುವುದು ಸೂರ್ಯನನ್ನು, ನಿನ್ನನ್ನಲ್ಲ ಎಂದಿತು ಅದು. ಬಾವಿಗೆ ಬಗ್ಗಿ ಕೇಳಿದಳು. ಮೊದಲು ನೀನು ಹೇಳು, ಆಮೇಲೆ ನಾನು ಹೇಳುತ್ತೇನೆ ಎಂದಿತು ಬಾವಿ. ಇದಕ್ಕೆ ನಾವು ಮೂವರೂ ಬಿದ್ದು ಬಿದ್ದು ನಕ್ಕೆವು, ಅಷ್ಟು ಹೊತ್ತು ಕಾಯಿ ಅಲ್ಲಾಡಿಸಲಾಗದೆ ಕಥೆ ನಿಂತಿತ್ತು. ಹುಡುಗಿ ಕೆರೆ ಏರಿ ದಾಟಿದಳು, ಹೊಲದ ಬೆದರುಬೊಂಬೆಯನ್ನು ಕೇಳಿದಳು, ಇರುವೆ ಸಾಲನ್ನು ಕೇಳಿದಳು, ಊರೂರು ದಾಟಿದಳು. ಕೊನೆಯ ಊರಿನ ಕೊನೆಯ ಮನೆಯ ಬಾಗಿಲು ತಟ್ಟಿದಳು. ಒಬ್ಬಳು ಮುದುಕಿ ಬಾಗಿಲು ತೆಗೆದು, ಮುಖ ನೋಡಿ, ಅಯ್ಯೋ ಬಂದೆಯಾ ಎಂದು, ಹೆಸರು ಹಿಡಿದು ಕರೆಯಲು ಬಾಯಿ ತೆರೆದಳು.

ಈ ಕಥೆ ನಡೆದದ್ದು ಒಂದು ವಾರವೋ, ಹತ್ತು ದಿನವೋ. ನನಗೆ ಅಷ್ಟು ತಾಳ್ಮೆ ಇರಲಿಲ್ಲ, ಈಗಲೂ ಇಲ್ಲ. ಪೂರ್ತಿ ಒಣಗಿದ ಕಾಯಿ ಬೇಗ ಹೇಳಿಬಿಡುತ್ತದೆ, ಪೂರ್ತಿ ಹಸಿಯದೂ ಬೇಗ ಹೇಳುತ್ತದೆ. ನಡುವಿನ ಕಾಯಿಗಳೇ ಕಷ್ಟ. ನೀರಿನ ಸದ್ದೋ ಕೊಬ್ಬರಿಯ ಸದ್ದೋ ತಿಳಿಯದೆ ಎರಡು ಸಲ, ಮೂರು ಸಲ ಅಲ್ಲಾಡಿಸಬೇಕು. ಶಾಂತಳೂ ರುದ್ರಿಯೂ ಮುಗಿಸಿ ಕೂತಿರುತ್ತಿದ್ದರು, ನಾನು ಮಾತ್ರ ಕಿವಿಗೆ ಹಿಡಿದು ಒದ್ದಾಡುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಒಂದು ಉಪಾಯ ಹೊಳೆಯಿತು. ಕಾಯನ್ನು ಕಿವಿಯ ಹತ್ತಿರ ತಂದ ಹಾಗೆ ಮಾಡಿ, ಅಲ್ಲಾಡಿಸಿದ ಹಾಗೆ ಮಾಡಿ, ಕೇಳದೆಯೇ ಎಸೆಯುವುದು. ಎಸೆದರೆ ಕೈ ಖಾಲಿ, ಕೈ ಖಾಲಿಯಾದರೆ ಕಥೆ ಮುಂದಕ್ಕೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಕೆಳಗೆ ಅಂಗಳದಲ್ಲಿ ಆಳುಗಳು ಸುಲಿದು ಒಡೆಯುತ್ತಿದ್ದರು. ಕಥೆಯ ಮುದುಕಿ ಬಾಯಿ ತೆರೆದಲ್ಲಿಗೆ ಬಂದಿದ್ದ ಬೆಳಿಗ್ಗೆ ಅಜ್ಜಿ ಒಂದು ಮಂಕರಿ ತುಂಬ ಹಸಿ ಹೋಳುಗಳನ್ನು ತಂದು ಏಣಿಯ ಬುಡದಲ್ಲಿ ದಡಾರನೆ ಇಟ್ಟಳು. ಚಿಪ್ಪಿಗೆ ಅಂಟಿಕೊಂಡು ಚೂರಾದ ಕೊಬ್ಬರಿ, ಅದರ ಮೇಲೆ ಆಗಲೇ ಹಸಿರು ಬೂಷ್ಟು. ನಮ್ಮ ಮನೆಯಿಂದ ಅಂಥದ್ದು ಯಾವತ್ತೂ ಆಚೆ ಬಂದಿರಲಿಲ್ಲ. ಅಜ್ಜಿ ಅರ್ಧ ಏಣಿ ಹತ್ತಿ ತಲೆ ಒಳಗೆ ಹಾಕಿದಳು.

"ಯಾವಳೇ ಇವುನ್ನ ಎಸ್ದೋಳು? ಕಿವಿ ಏನ್ ಸಂತೇಲಿ ಮಾರ್ಕಂಡ್ ಬಂದ್ರಾ?"

ಅಜ್ಜಿಯ ಕಣ್ಣು ನನ್ನ ಮೇಲೆ ನಿಂತಿತು. ನನಗೆ ಆಗ ಎಂಟು ವರ್ಷ ಇದ್ದಿರಬೇಕು. ಎಂಟು ವರ್ಷಕ್ಕೆ ಬುದ್ಧಿ ಇರುವುದಿಲ್ಲ ಎನ್ನುತ್ತಾರಲ್ಲ, ಸುಳ್ಳು. ಚೆನ್ನಾಗಿಯೇ ಇರುತ್ತದೆ. ಏನು ಹೇಳಿದರೆ ಏಟು ಯಾರಿಗೆ ಬೀಳುತ್ತದೆ ಎಂದು ನನಗೆ ಗೊತ್ತಿತ್ತು.

"ಅತ್ತೆ ಕತೆ ಹೇಳ್ತಿದ್ಲು ಅಜ್ಜಿ. ಗಿಟುಕು ಕೇಳುಸ್ಲೇ ಇಲ್ಲ."

ಗಂಗತ್ತೆ ನನ್ನ ಕಡೆ ನೋಡಿದಳು. ನನ್ನ ಕೈಯಾಟವನ್ನು ಅವಳು ಮೊದಲೇ ಕಂಡಿದ್ದಳು ಎಂದು ಆ ನೋಟದಲ್ಲಿ ನನಗೆ ತಿಳಿಯಿತು. ಕಂಡೂ ಸುಮ್ಮನಿದ್ದಳು, ಮಗು ಕಥೆಗೆ ಅಷ್ಟು ಬಾಯಿ ಬಿಡುತ್ತಿದೆಯಲ್ಲ ಎಂಬ ಸಂತೋಷಕ್ಕೋ ಏನೋ. ನಾನು ಹೇಳಿದ್ದು ಸುಳ್ಳು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. "ಊಂ ಕಣವ್ವ, ನಂದೇ ತಪ್ಪು" ಎಂದಳು.

"ಕತೆ ಹೇಳ್ಕಂಡು ಬಾಳಾಟ ಮಾಡಕ್ಕಾಯ್ತದೇನೇ? ಕಟ್ಕಂಡೋನ್ನಂತೂ ಹಿಡ್ಕಣಕ್ಕಾಗ್ಲಿಲ್ಲ, ಕಾಯ್ನಾದ್ರೂ ನೋಡ್ಕಬಾರ್ದಾ? ಇಳಿ ಕೆಳಿಕ್ಕೆ. ಇನ್ಮ್ಯಾಕೆ ಅಟ್ಟ ಹತ್ತಬ್ಯಾಡ."

ಹೆತ್ತ ತಾಯಿ ಆಡಿದ ಮಾತು ಇದು. ಗಂಗತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಇಳಿದುಹೋದಳು. ಆ ವರ್ಷ ಉಳಿದ ಕಾಯನ್ನೆಲ್ಲ ನಾವು ಮೂವರೂ ಸರಿಯಾಗಿ ಕೇಳಿ ಎಸೆದೆವು. ಕೊಬ್ಬರಿ ಬಹಳ ಚೆನ್ನಾಗಿ ಬಂತು.

ಅಡಿಗೆಮನೆಗೆ ಹೋಗಿ ನಾನು ಅವಳ ಸೆರಗು ಎಳೆದು, ಮುದುಕಿ ಏನೆಂದು ಕರೆದಳು ಎಂದು ಕೇಳಿದ್ದುಂಟು. "ಇಲ್ಲಿ ಬ್ಯಾಡ ಕಣೇ ಪಾರಿ, ಅವ್ವ ಕೇಳುಸ್ಕಂತಾಳೆ" ಎಂದಳು. ಸ್ವಲ್ಪ ದಿನಕ್ಕೆ ದಂಡಿನಶಿವರದಲ್ಲಿದ್ದ ಅವಳ ಅಕ್ಕನ ಮಗಳ ಬಾಣಂತನಕ್ಕೆಂದು ಕಳಿಸಿದರು. ಹೋದವಳು ಅಲ್ಲೇ ಉಳಿದಳು. ನನ್ನಿಂದಲೇ ಹೋದಳು ಎಂದು ನಾನು ಎದೆ ಬಡಿದುಕೊಂಡರೆ ಅದು ನನ್ನನ್ನು ನಾನು ದೊಡ್ಡವಳು ಮಾಡಿಕೊಂಡ ಹಾಗೆ. ಅವಳನ್ನು ಎಲ್ಲಿಗಾದರೂ ಕಳಿಸಬೇಕೆಂದು ಆ ಮನೆ ಮೊದಲಿಂದಲೂ ಕಾಯುತ್ತಿತ್ತು. ನಾನು ಒಂದು ನೆಪ ಕೊಟ್ಟೆ, ಅಷ್ಟೇ. ಆದರೆ ಕೊಟ್ಟವಳು ನಾನು. ನನ್ನ ಮದುವೆಗೆ ಬಂದಿದ್ದಳು. ನನ್ನ ಕಾಲಿಗೆ ಅರಿಸಿನ ಹಚ್ಚುತ್ತಿದ್ದಾಗ ಮೆಲ್ಲಗೆ ಕೇಳಿದೆ.

"ಅತ್ತೆ, ಆ ಹುಡ್ಗಿ ಹೆಸ್ರು ಏನಾಗಿತ್ತು?"

"ಯಾವ್ ಹುಡ್ಗಿ?"

"ಕತೆಲಿ. ಹೆಸ್ರು ಮರ್ತೋಗಿತ್ತಲ್ಲ."

"ಅದ್ನಿನ್ನೂ ಮಡೀಕಂಡಿದೀಯೇನೇ? ನಾನಾವಾಗ್ಲೇ ಬುಟ್ಬುಟ್ಟೆ" ಎಂದು ನಕ್ಕು, ಪಾದದ ಮೇಲೆ ಕೈಯಾಡಿಸಿದಳು. ಎಸೆದವಳು ನಾನೇ ಅತ್ತೆ ಎಂದು ಆಗ ಹೇಳಬೇಕಿತ್ತು. ಸುತ್ತ ಹತ್ತು ಹೆಂಗಸರು ಸೋಬಾನೆ ಹಾಡುತ್ತಿದ್ದರು. ಹೇಳಲಿಲ್ಲ. ಅವಳು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊಲೆ ಕುಡಿಯುವ ಮಗುವಿತ್ತು, ಮಣ್ಣಿಗೂ ಹೋಗಲಿಲ್ಲ. ಈಗ ಆ ಅಟ್ಟವೂ ಇಲ್ಲ, ಮನೆ ಪಾಲಾಗಿ ಮೂರು ತಾರಸಿ ಮನೆಗಳಾಗಿವೆ. ಕಾಯನ್ನು ತೋಟದ ಶೆಡ್ಡಿನಲ್ಲಿ ಒಣಗಿಸುತ್ತಾರೆ, ಆಳುಗಳು ಮೊಬೈಲಿನಲ್ಲಿ ಹಾಡು ಹಾಕಿಕೊಂಡೇ ಆರಿಸುತ್ತಾರೆ.

ಇಷ್ಟನ್ನು ನಾನು ಆ ಬೆಂಚಿನಲ್ಲಿ ಕೂತು ನೆನೆದೆ, ಬರೆಯಲು ನಾಲ್ಕು ಭಾನುವಾರ ಬೇಕಾಯಿತು. ಮೊದಮೊದಲು ಹುಡುಗಿ ಬಹಳ ಒಳ್ಳೆಯವಳು, ಹಸು ಕೆಟ್ಟದ್ದು ಎಂದೆಲ್ಲ ಬರೆದೆ. ಇದು ಅತ್ತೆ ಹೇಳಿದ ಕಥೆ ಎಂದಷ್ಟೇ ನನ್ನಿಂದ ಕೇಳಿದ್ದ ಶಾಹಿನಾ ಅದನ್ನು ಹೊಡೆದುಹಾಕಿ, "ನಿಮ್ಮ ಅತ್ತೆ ಹಿಂಗೆ ಹೇಳ್ತಿದ್ರಾ ಅಜ್ಜಿ?" ಎಂದಳು. ಇಲ್ಲ. ಗಂಗತ್ತೆ ಯಾರನ್ನೂ ಒಳ್ಳೆಯವರು ಕೆಟ್ಟವರು ಎಂದವಳಲ್ಲ, ಅವರು ಏನೆಂದರು ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಅವಳ ಬಾಯಲ್ಲಿ ಬಂದ ಹಾಗೇ ಬರೆಯತೊಡಗಿದ ಮೇಲೆ ಕೈ ಸರಾಗವಾಯಿತು. ಆಗ ಶಾಹಿನಾ ನನ್ನ ಪುಸ್ತಕ ತಿರುಗಿಸಿ ನೋಡಿ, "ಯಾಕಜ್ಜಿ, ಒಂದೊಂದು ವಾಕ್ಯ ಆದ್ಮೇಲೂ ಒಂದು ಸಾಲು ಖಾಲಿ ಬಿಟ್ಟಿದೀರಾ?" ಎಂದು ಕೇಳಿದಳು. ನೋಡಿದರೆ ಹೌದು. ನನಗೇ ತಿಳಿಯದೆ ಬಿಟ್ಟಿದ್ದೆ. ಕಾಯಿ ಅಲ್ಲಾಡಿಸುವುದಕ್ಕೆ ಎಂದೆ. ಸುಮ ನಕ್ಕಳು. ಶಾಹಿನಾ ನಗಲಿಲ್ಲ. ಅತ್ತೆ ಅಟ್ಟದಲ್ಲಿ ಕಥೆ ಹೇಳುತ್ತಿದ್ದ ರೀತಿಯನ್ನೆಲ್ಲ ಕೇಳಿಸಿಕೊಂಡು, "ಹಂಗೇ ಇರ್ಲಿ ಅಜ್ಜಿ. ಓದೋ ಮಕ್ಕಳಿಗೂ ಅಷ್ಟು ಜಾಗ ಬೇಕು" ಎಂದಳು.

ಕೊನೆಯಿರಲಿಲ್ಲ. ಅಕ್ಕ ಶಾಂತ ಈಗ ಬದುಕಿಲ್ಲ, ತಿಪಟೂರಿನಲ್ಲಿರುವ ರುದ್ರಿಗೆ ಫೋನ್ ಮಾಡಿದೆ. ಗಂಗತ್ತೆ ಅವಳಿಗೇನಾದರೂ ಮುಂದಿನದನ್ನು ಹೇಳಿದ್ದಳಾ ಎಂದು ಕೇಳಿದೆ.

"ಕತೆ ನಂಗೆಲ್ ಗ್ಯಾಪ್ಕ ಐತೆ ಬುಡೇ. ನೀನ್ ಅಲ್ಲಾಡಿಸ್ದೆ ಎಸೀತಿದ್ದಿದ್ದು ಗ್ಯಾಪ್ಕ ಐತೆ."

"ಗೊತ್ತಿದ್ಮ್ಯಾಕೆ ಅವತ್ತ್ಯಾಕೆ ಬಾಯ್ ಬುಡ್ಲಿಲ್ಲ?"

"ನಂಗೂ ಕತೆ ಬೇಗ ಬೇಕಿತ್ತಲ್ಲ ಕಣೇ" ಎಂದಳು ರುದ್ರಿ.

ನಾನೇ ಒಂದು ಕೊನೆ ಕಟ್ಟಲು ನೋಡಿದೆ. ಮುದುಕಿ ಹೆಸರು ಹೇಳಿದಳು, ಹುಡುಗಿ ಮನೆಗೆ ಬಂದಳು, ಎಲ್ಲರೂ ಹೋಳಿಗೆ ತಿಂದರು. ಓದಿದರೆ ಹಸಿ ಕಾಯಿ ಒಡೆದ ಹಾಗಿತ್ತು. ಹರಿದೆ. ಹುಡುಗಿಯ ಹೆಸರು ಗಂಗೆ ಎಂದೇ ಇಡಿ ಅಜ್ಜಿ, ಚೆನ್ನಾಗಿರುತ್ತೆ ಎಂದಳು ಶಾಹಿನಾ. ಆಗಲ್ಲ ಎಂದೆ. ಅವಳು ಹೇಳದೆ ಬಿಟ್ಟದ್ದನ್ನು ಅವಳ ಬಾಯಿಗೆ ತುರುಕಲು ನಾನು ಯಾರು? ಕಡೆಗೆ ಮುದುಕಿ ಬಾಯಿ ತೆರೆದಲ್ಲಿಗೆ ಕಥೆ ನಿಲ್ಲಿಸಿ, ಒಂದು ಸಾಲು ಖಾಲಿ ಬಿಟ್ಟು, ಕೆಳಗೆ ಹೀಗೆ ಬರೆದೆ. "ಮಕ್ಕಳೇ, ಮುಂದಿನದು ನನಗೆ ಗೊತ್ತಿಲ್ಲ. ಈ ಕಥೆ ಹೇಳುತ್ತಿದ್ದ ನಮ್ಮ ಅತ್ತೆಯ ಮೇಲೆ ನಾನು ಒಂದು ಸುಳ್ಳು ಹೇಳಿದೆ. ತಪ್ಪು ಮಾಡಿದ್ದು ನಾನು, ಬೈಸಿಕೊಂಡಿದ್ದು ಅವಳು. ಆಮೇಲೆ ಅವಳು ಕಥೆ ಹೇಳಲಿಲ್ಲ."

"ಇದು ಮಕ್ಕಳಿಗೆ ಬೇಕಾ ಅಜ್ಜಿ?" ಎಂದಳು ಶಾಹಿನಾ. "ಭಾರ ಆಗಲ್ವಾ?"

"ಸುಳ್ಳು ಹೇಳೋ ವಯಸ್ಸು ಅವ್ರುದೇ ಅಲ್ವೇನವ್ವ? ಅವ್ರಿಗ್ ಹೇಳ್ದೆ ಇನ್ಯಾರಿಗ್ ಹೇಳ್ಲಿ, ನಿಮ್ಮಪ್ಪಂಗಾ?"

ಅವಳು ಆ ಸಾಲುಗಳನ್ನು ತೆಗೆಯಲಿಲ್ಲ. ತರಗತಿಯವರು ಬರೆದ ಕಥೆಗಳನ್ನೆಲ್ಲ ಒಂದೊಂದು ತೆಳು ಪುಸ್ತಕ ಮಾಡಿ ಶಾಲೆಗಳಿಗೆ ಕೊಡುವುದೆಂದು ತೀರ್ಮಾನವಾಯಿತು. ಲೇಖಕಿಯ ಹೆಸರು ಎಂಬಲ್ಲಿ ನನ್ನ ಹೆಸರಿತ್ತು. ನಾನು ಅದನ್ನು ಹೊಡೆದುಹಾಕಿ "ಕಥೆ: ಗಂಗಮ್ಮ" ಎಂದು ಬರೆದು, ಕೆಳಗೆ ಸಣ್ಣದಾಗಿ "ಬರೆದವಳು ಅವಳ ಅಣ್ಣನ ಮಗಳು ಪಾರ್ವತಮ್ಮ" ಎಂದು ಸೇರಿಸಿದೆ. ಕಥೆಗಾರ್ತಿಯ ಪರಿಚಯ ಎರಡು ಸಾಲು ಬೇಕು ಎಂದರು. ಪೆನ್ನು ಹಿಡಿದು ಕೂತರೆ, ಅವಳು ಹುಟ್ಟಿದ ವರ್ಷ ಗೊತ್ತಿಲ್ಲ, ಸತ್ತ ತಿಂಗಳು ಸರಿಯಾಗಿ ಗೊತ್ತಿಲ್ಲ. ಒಂದು ಫೋಟೋ ಇಲ್ಲ. ಅವಳಿಗೆ ಯಾವ ತಿಂಡಿ ಇಷ್ಟ ಎಂದು ಆ ಮನೆಯಲ್ಲಿ ಯಾರೂ ಕೇಳಿದ್ದು ನಾನು ಕಾಣೆ, ನಾನೂ ಕೇಳಲಿಲ್ಲ. ಗೊತ್ತಿದ್ದಷ್ಟು ಬರೆದೆ. ಅಕ್ಷರ ಬರುತ್ತಿರಲಿಲ್ಲ, ಮೂವರು ಹುಡುಗಿಯರಿಗೆ ಕಥೆ ಹೇಳಿದಳು. ಎರಡು ಸಾಲೂ ತುಂಬಲಿಲ್ಲ.

ಸುಮಳ ಶಾಲೆಯಲ್ಲಿ ಪುಸ್ತಕ ಹಂಚಿದ ದಿನ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮೊದಲ ಪುಟ ತೆಗೆದರೆ ಅವಳ ಹೆಸರು, ದಪ್ಪ ಅಕ್ಷರದಲ್ಲಿ. ಅವಳು ಬದುಕಿದ್ದಾಗ ಆ ಹೆಸರನ್ನು ಯಾರಾದರೂ ಯಾವ ಕಾಗದದ ಮೇಲಾದರೂ ಬರೆದಿದ್ದರೋ ಇಲ್ಲವೋ. ನಾನು ಅದರ ಮೇಲೆ ಬೆರಳಿಟ್ಟುಕೊಂಡು ಮಕ್ಕಳ ಕಡೆ ನೋಡಿದೆ. ಒಂದು ಮಗುವೂ ಆ ಪುಟದಲ್ಲಿ ನಿಲ್ಲಲಿಲ್ಲ. ಎಲ್ಲವೂ ಸರಸರನೆ ಹಾಳೆ ತಿರುವಿ ಒಳಗೆ ಹೋದವು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುಂದಿನ ಸಾಲಿನ ಒಬ್ಬಳು ಹುಡುಗಿ ಬಾವಿಯ ಪುಟಕ್ಕೆ ಬಂದು ಕಿಸಕ್ಕನೆ ನಕ್ಕಳು.